ಹನ್ನೆರಡು ಇಂಚಿನ ಪಂಢರಿ

ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋಗುತ್ತಿದ್ದ ಆ ಬೇಸಿಗೆಯಲ್ಲಿ ಬೀದರಿನ ಪಂಢರಿಗೆ ಜರ್ಮನಿಯಿಂದ ಒಂದು ಪಾರ್ಸಲ್ ಬಂತು. ನೌಬಾದದ ಕಡೆಯ ಆ ಗಲ್ಲಿಗೆ ಟ್ಯಾಂಕರ್ ಬಂದು ಐದು ದಿನವಾಗಿತ್ತು. ಗಲ್ಲಿಯ ಬಾಯಲ್ಲಿ ಯಾವ ಗಾಡಿಯ ಸದ್ದಾದರೂ ಹೆಂಗಸರು ಕೊಡ ಹಿಡಿದು ಓಡಿ ಬರುತ್ತಿದ್ದರು. ಕೊರಿಯರಿನವನ ಮೋಟರ್ ಸೈಕಲ್ಲಿಗೂ ಓಡಿ ಬಂದರು. ಹದಿನಾಲ್ಕು ಖಾಲಿ ಕೊಡಗಳ ನಡುವೆ ನಿಂತು ಪಂಢರಿ ಸಹಿ ಮಾಡಿದ. ಪಾರ್ಸಲ್ಲನ್ನು ಎರಡೂ ಅಂಗೈ ಮೇಲೆ ಹಿಡಿದು, ದವಾಖಾನೆಯಿಂದ ಕೂಸು ತರುವವರ ಹಾಗೆ ಹೆಜ್ಜೆ ಎಣಿಸುತ್ತ ಒಳಗೆ ನಡೆದ.

ಪಂಢರಿ ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಗೋದಾಮಿನ ಸ್ಟೋರ್‌ಕೀಪರ್. ನಲವತ್ತಾರು ವರ್ಷ, ದಪ್ಪ ಕನ್ನಡಕ, ಕಿಸೆಯಲ್ಲಿ ಸದಾ ಎರಡು ಪೆನ್ನು. ಹನ್ನೆರಡು ವರ್ಷದ ಹಿಂದೆ ವಾಯುಪಡೆಯ ಒಬ್ಬ ಸಾಹೇಬರು ವರ್ಗವಾಗಿ ಹೋಗುವಾಗ, ಹೊತ್ತುಕೊಂಡು ಹೋಗಲು ಬೇಸರವೆಂದು, ತಮ್ಮ ರೆಕಾರ್ಡ್ ಪ್ಲೇಯರನ್ನೂ ಎರಡು ಮರದ ಸ್ಪೀಕರನ್ನೂ ಒಂದು ರೆಕಾರ್ಡನ್ನೂ ಅವನಿಗೆ ಬಿಟ್ಟು ಹೋಗಿದ್ದರು. ಇಂಗ್ಲೆಂಡಿನ ಐದು ಮಂದಿ ಉದ್ದ ಕೂದಲಿನವರು ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಬಾರಿಸಿದ್ದು ಅದು. ಒಂದು ಮಗ್ಗುಲಿಗೆ ಒಂದೇ ಹಾಡು. ಹಾಡಿನ ಉದ್ದ ಇಪ್ಪತ್ಮೂರು ನಿಮಿಷ. ಈ ಜಾತಿಯ ಸಂಗೀತಕ್ಕೆ ಪ್ರೋಗ್ರೆಸಿವ್ ರಾಕ್ ಎನ್ನುತ್ತಾರೆಂದು ರೆಕಾರ್ಡಿನ ಬೆನ್ನ ಮೇಲೆ ಬರೆದಿತ್ತು. ಪಂಢರಿ ಅದನ್ನು ಓದಿ ಹೆಂಡತಿಗೆ ವಿವರಿಸಿದ.

"ಪ್ರೋಗ್ರೆಸಿವ್ ಅಂದ್ರ ಮುಂದ ಮುಂದ ಹೋಗೋದು. ಶುರು ಆದ ಜಾಗದಾಗ ಮುಗಿಯೋದಿಲ್ಲ."

"ಮುಗೀತದೋ ಇಲ್ಲೋ ಅದು ಮೊದ್ಲು ಹೇಳ್ರಿ" ಎಂದಳು ಕೌಸಲ್ಯಾಬಾಯಿ.

ಅಂದಿನಿಂದ ಪಂಢರಿಗೆ ಹುಚ್ಚು ಹತ್ತಿತು. ಇಂಥ ಹಳೆಯ ರೆಕಾರ್ಡುಗಳನ್ನು ಮೂಲ ಟೇಪಿನಿಂದ ಮತ್ತೆ ತೆಗೆದು, ತೂಕದ ಪ್ಲೇಟಿನ ಮೇಲೆ ಹೊಸದಾಗಿ ಒತ್ತಿ ಮಾರುವ ಕಂಪನಿಗಳು ಲೋಕದಲ್ಲಿ ಇವೆಯೆಂದು ಅವನಿಗೆ ತಿಳಿಯಿತು. ಒಂದೇ ರೆಕಾರ್ಡು ಜಪಾನಿನಲ್ಲಿ ಒತ್ತಿದ್ದು ಬೇರೆ, ಹಾಲೆಂಡಿನಲ್ಲಿ ಒತ್ತಿದ್ದು ಬೇರೆ. ಇಂಥವು ಅವನ ಕಪಾಟಿನಲ್ಲಿ ಅರವತ್ತೊಂದು ಇದ್ದವು. ಆ ಐದು ಮಂದಿಯ ರೆಕಾರ್ಡೊಂದೇ ನಾಲ್ಕು ದೇಶದ್ದು ಇತ್ತು, ಈಗ ಜರ್ಮನಿಯದು ಐದನೆಯದು. ಕೌಸಲ್ಯಾಬಾಯಿ ಅವನ್ನು ಹಂಚು ಎನ್ನುತ್ತಿದ್ದಳು.

"ಇದು ಹಚ್ಚಿದ್ರೂ ಅದೇ ಹಾಡು, ಅದು ಹಚ್ಚಿದ್ರೂ ಅದೇ ಹಾಡು. ಐದು ಹಂಚು ಯಾಕ ಬೇಕ್ರಿ ಮನ್ಯಾಗ?"

"ಜಪಾನಿಂದ್ರಾಗ ಕೊಳಲು ಮುಂದ ಬಂದು ಕೂಡ್ತದ. ಹಾಲೆಂಡಿಂದ್ರಾಗ ಹಿಂದ ಕೂಡ್ತದ."

"ನನಗ ತಲಿ ನೋಯೋದು ಎರಡ್ರಾಗೂ ಇಲ್ಲೇ" ಎಂದು ಅವಳು ಹಣೆಯ ಎಡಭಾಗ ಮುಟ್ಟಿ ತೋರಿಸಿದಳು.

ಆದರೆ ಪಂಢರಿಯ ದುಃಖ ಬೇರೆಯದು. ಹನ್ನೆರಡು ವರ್ಷದಲ್ಲಿ ಒಬ್ಬನೇ ಒಬ್ಬ ಮನುಷ್ಯ ಬಂದು, ನಿನ್ನ ಬಳಿ ಇದೇನಿದೆ, ಇದರಲ್ಲಿ ಏನು ಕೇಳುತ್ತದೆ, ಎಂದು ವಿಚಾರಿಸಿರಲಿಲ್ಲ. ಉತ್ತರಗಳನ್ನೆಲ್ಲ ಅವನು ಸಿದ್ಧ ಮಾಡಿ ಇಟ್ಟುಕೊಂಡಿದ್ದ. ಪ್ರಶ್ನೆಯೊಂದೇ ಬಾಕಿ ಇತ್ತು.

ಜರ್ಮನಿಯ ರೆಕಾರ್ಡು ಹಚ್ಚಿದ ಮೊದಲ ನಿಮಿಷದಲ್ಲೇ ಪಂಢರಿಯ ಮುಖ ಸಣ್ಣದಾಯಿತು. ಹಾಡು ಶುರುವಾಗುವುದು ಬಹಳ ಮೆತ್ತಗೆ. ಆ ಮೆತ್ತಗಿನ ಜಾಗದಲ್ಲಿ, ಬಾಟಲಿಯೊಳಗೆ ದುಂಬಿ ಸಿಕ್ಕಿಕೊಂಡಂತೆ, ಗುಂಯ್ ಎಂಬ ಸದ್ದು. ರೆಕಾರ್ಡು ತೆಗೆದರೂ ಗುಂಯ್, ಇಟ್ಟರೂ ಗುಂಯ್. ಮನೆಯ ಕರೆಂಟಿನ ಅರ್ಥಿಂಗ್ ಕೆಟ್ಟರೆ ಹೀಗಾಗುತ್ತದೆಂದು ಮೊಬೈಲಿನಲ್ಲಿ ಓದಿದ. ನೆಲ ಅದುರುತ್ತಿದ್ದರೂ ಹೀಗಾಗಬಹುದೆಂದು ಮುಂದಿನ ಸಾಲಿನಲ್ಲಿ ಬರೆದಿತ್ತು. ಯಾವುದೆಂದು ತಿಳಿಯಲು ಎಲ್ಲವನ್ನೂ ಬಂದ್ ಮಾಡಿ, ಅಂಗಳಕ್ಕೆ ಬಂದು, ಫರಸಿ ಕಲ್ಲಿನ ಮೇಲೆ ಮಗ್ಗುಲಾಗಿ ಮಲಗಿ ಕಿವಿ ಹಚ್ಚಿದ.

ಮುಂಜಾನೆ ಎಂಟು ಗಂಟೆ. ಎದುರು ಮನೆಯ ಶಾಲುಬಾಯಿ ಬಾಗಿಲಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದಳು. ಗಲ್ಲಿಯಲ್ಲಿ ಯಾರ ಮನೆಯ ಕುಕ್ಕರ್ ಎಷ್ಟು ಸೀಟಿ ಹೊಡೆಯಿತೆಂಬುದು ಗೊತ್ತಿದ್ದ ಹೆಂಗಸು ಅವಳು. ಮೊರ ಕೆಳಗಿಟ್ಟು ಎದ್ದು ಬಂದಳು.

"ಪಂಢರಣ್ಣ, ಚಕ್ಕರ ಬಂತೇನ್ರಿ?"

ಪಂಢರಿ ಒಂದು ಬೆರಳೆತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದ. "ಕೇಳ್ಲಿಕ್ಕತ್ತೇನಿ ಅಕ್ಕಾ. ಕೆಳಗಿಂದ ಬರ್ಲಿಕ್ಕತ್ತದ."

"ಏನು ಬರ್ಲಿಕ್ಕತ್ತದ?"

"ಗುಂಯ್ ಅಂತದ. ಎಲ್ಲಿಂದ ಹರದು ಬರ್ತದ ಅದೇ ತಿಳೀವಲ್ದು. ಇಲ್ಲೇ ಎಲ್ಲೋ ಅದ. ನಾಳಿಗೆ ಅಗದು ನೋಡ್ತೇನಿ."

ಅರ್ಥಿಂಗೇ ಕೆಟ್ಟಿರಬೇಕೆಂದು ಮರುದಿನ ರಜೆ ಹಾಕಿ ಪಂಢರಿ ಅಂಗಳದ ಮೂಲೆಯಲ್ಲಿ ಎದೆಮಟ್ಟದ ಕುಣಿ ತೋಡಿದ. ಅರ್ಥಿಂಗ್ ಮಾಡುವ ಕ್ರಮದಂತೆ ತಾಮ್ರದ ತಗಡು ಇಳಿಸಿ, ಇದ್ದಿಲು ತುಂಬಿ, ಉಪ್ಪು ಹಾಕಿ, ಮಣ್ಣು ಮುಚ್ಚಿದ. ಇನ್ನು ಮಣ್ಣು ಹಸಿಯಾಗಬೇಕು, ಅದಕ್ಕೆ ನೀರು ಹಾಕಬೇಕು. ಆ ಬೇಸಿಗೆಯಲ್ಲಿ ಮಣ್ಣಿಗೆ ನೀರು ಸುರಿದವನನ್ನು ಗಲ್ಲಿ ಸುಮ್ಮನೆ ಬಿಡುತ್ತಿರಲಿಲ್ಲ. ಮಧ್ಯಾಹ್ನ ಟ್ಯಾಂಕರ್ ಬಂದು ಎಲ್ಲರೂ ಅತ್ತ ಓಡಿದಾಗ ಪಂಢರಿ ಕಳ್ಳನಂತೆ ಮನೆಯ ಎರಡು ಕೊಡ ತಂದು ಕುಣಿಗೆ ಸುರಿದ. ಒಳಗೆ ಹೋಗಿ ಸೂಜಿ ಇಟ್ಟ. ಗುಂಯ್ ಎನ್ನುವುದು ಪೂರಾ ನಿಂತಿತ್ತು. ಸಂತೋಷ ತಾಳಲಾರದೆ ಹೊರಗೆ ಬಂದರೆ, ಶಾಲುಬಾಯಿ ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡು ಕುಣಿಯ ಮುಂದೆ ನಿಂತು ಹಸಿ ಮಣ್ಣು ನೋಡುತ್ತಿದ್ದಳು.

"ನೀರು ಎಲ್ಲಿಂದ ಬಂತು ಪಂಢರಣ್ಣ?"

"ಕೆಳಗಿಂದ ಬಂದಿರಬೇಕು ಅಕ್ಕಾ."

ಪಂಢರಿ ಆ ವರ್ಷ ಹೇಳಿದ ಸುಳ್ಳು ಇದೊಂದೇ. ಉಳಿದದ್ದನ್ನೆಲ್ಲ ಅವನು ನಿಜ ಹೇಳಿಯೇ ಕೆಡಿಸಿಕೊಂಡ.

ನಾಲ್ಕು ದಿನ ಬಿಟ್ಟು ಕುತುಬೋದ್ದೀನ ಬಂದ. ಬೋರ್ ಕೊರೆಯುವ ಲಾರಿಗಳ ಏಜೆಂಟ. ಬೀದರಿನಿಂದ ಔರಾದದವರೆಗೆ ಎಲ್ಲಿ ಬೋರ್ ಬಿದ್ದರೂ ಅವನ ಕೈ ಇರುತ್ತಿತ್ತು. ಆ ಎರಡು ವರ್ಷದಲ್ಲಿ ನೂರೆಂಟು ಕಡೆ ಕೊರೆಸಿ ತೊಂಬತ್ತು ಕಡೆ ಬರೀ ಧೂಳು ಕಂಡಿದ್ದ. ತೆಂಗಿನಕಾಯಿ ಅಂಗೈ ಮೇಲೆ ನಿಲ್ಲಿಸಿ ಜಾಗ ತೋರಿಸುವವರು, ಬೇವಿನ ಕವಲು ಹಿಡಿಯುವವರು, ಎಲ್ಲರ ಮೇಲೂ ನಂಬಿಕೆ ಕಳೆದುಕೊಂಡಿದ್ದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ವಿನಯದಿಂದ ಒಳಗೆ ಬಂದು ಕೂತ.

"ಪಂಢರಿ ಸಾಬ, ನಿಮ್ಮ ಕಡೆ ಏನೋ ಮಷೀನ ಅದ ಅಂತಾರ. ಜರಾ ತೋರಿಸ್ತೀರೇನ್ರಿ?"

ಪಂಢರಿ ಥಟ್ಟನೆ ಎದ್ದ. ಹನ್ನೆರಡು ವರ್ಷ ಕಾದ ಪ್ರಶ್ನೆ. ಪ್ಲೇಯರಿನ ಮೇಲಿನ ಬಟ್ಟೆ ತೆಗೆದ. ಪ್ಲೇಯರ್ ದಪ್ಪ ಫರಸಿ ಕಲ್ಲಿನ ಮೇಲೆ ಕೂತಿತ್ತು. ಕಲ್ಲಿನ ಮೇಲೆ ಗೌಂಡಿಗಳು ಗೋಡೆಯ ಮಟ್ಟ ನೋಡುವ ರಸಮಟ್ಟ.

"ಇದರಾಗ ಮುಖ್ಯ ಏನಂದ್ರ ಸೂಜಿ" ಎಂದ ಪಂಢರಿ. "ಸೂಜಿ ಕೆಳಗಿಳೀತದ. ಮಟ್ಟ ಒಂದು ಕೂದಲು ತಪ್ಪಿದ್ರೂ ಸರಿ ಕೇಳೋದಿಲ್ಲ. ಸರಿ ಕೂತ್ತಂದ್ರ, ಬ್ಯಾರೆ ಮಂದಿಗೆ ಕೇಳದೇ ಇರೋದು ನಮಗ ಕೇಳ್ತದ."

"ಪದರ ಪದರ ಗೊತ್ತಾಗ್ತದೇನ್ರಿ?"

"ಒಂದೊಂದು ಪದರ ಬ್ಯಾರೆ ಬ್ಯಾರೆ. ಮ್ಯಾಲ ಏನದ, ನಡುವ ಏನದ, ಬುಡದಾಗ ಏನು ಹರೀತದ, ಎಲ್ಲಾ ಬಿಡಿಸಿ ಹೇಳಬಹುದು."

ಬೋರಿನ ವ್ಯವಹಾರದಲ್ಲಿ ನೀರನ್ನು ಇಂಚಿನಲ್ಲಿ ಅಳೆಯುತ್ತಾರೆ. ಒಂದು ಇಂಚು ಬಿದ್ದರೆ ಮನೆಗೆ ಸಾಕು, ಎರಡು ಇಂಚು ಬಿದ್ದರೆ ಊರಿಗೆ ಹಬ್ಬ. ಕುತುಬೋದ್ದೀನ ದನಿ ತಗ್ಗಿಸಿ ಕೇಳಿದ.

"ನಿಮ್ಮದು ಎಷ್ಟು ಇಂಚಿಂದ್ರಿ?"

"ಹನ್ನೆರಡು ಇಂಚು."

"ಹನ್ನೆರಡು?"

"ಏಳು ಇಂಚಿಂದೂ ಬರ್ತಾವ. ನಾ ಅವು ಕೈಲೇ ಮುಟ್ಟೋದಿಲ್ಲ."

ಕುತುಬೋದ್ದೀನನ ಕಣ್ಣು ಕಪಾಟಿನ ಮೇಲಿಟ್ಟಿದ್ದ ಒಂದು ರೆಕಾರ್ಡಿನ ಚಿತ್ರದ ಮೇಲೆ ಬಿತ್ತು. ಕೆರೆಯ ನಡುವೆ ಮುಳುಗಿದ ಒಂದು ಪಿಯಾನೋ, ಸುತ್ತ ಕಣ್ಣು ಹೋಗುವವರೆಗೆ ನೀರು.

"ಇದು ಎಲ್ಲಿ ಹೊಡೆದದ್ರಿ?"

"ಇಂಗ್ಲೆಂಡಿನಾಗ. ಜರ್ಮನಿ, ಜಪಾನ, ಹಾಲೆಂಡ, ಎಲ್ಲಾ ಕಡೆ ಹೊಡೀತಾರ."

"ನಮ್ಮ ಕಡೆ?"

"ನಮ್ಮ ಕಡೆ ಯಾರಿಗೂ ಇದರ ಕದರು ಗೊತ್ತಿಲ್ಲ ಕುತುಬಭಾಯ್. ಇಡೀ ಜಿಲ್ಲಾದಾಗ ನಾ ಒಬ್ಬವನೇ."

ಕುತುಬೋದ್ದೀನ ಎದ್ದು, ಪಂಢರಿಯ ಎರಡೂ ಕೈ ಹಿಡಿದು, ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ ಎನ್ನುವಂತೆ ನಿಂತು, ಹೊರಗೆ ಹೋದ. ಇಂಥ ರಸಿಕ ಬೋರಿನ ಲಾರಿಗಳ ನಡುವೆ ಹಾಳಾಗುತ್ತಿದ್ದಾನಲ್ಲ ಎಂದು ಪಂಢರಿಗೆ ಮರುಕವಾಯಿತು.

ಆ ವಾರದಿಂದ ಟ್ಯಾಂಕರ್ ಸಾಲಿನಲ್ಲಿ ಕೌಸಲ್ಯಾಬಾಯಿಗೆ ಮೊದಲ ಪಾಳಿ ಸಿಗತೊಡಗಿತು. "ಮುಂದ ಬರ್ರಿ ವೈನಿ" ಎಂದು ಹೆಂಗಸರೇ ಜಾಗ ಬಿಟ್ಟರು. ಕೌಸಲ್ಯಾಬಾಯಿ ಏನೂ ಕೇಳದೆ ಕೊಡ ತುಂಬಿಕೊಂಡಳು.

ಸುದ್ದಿ ಭಾಲ್ಕಿ ಬಸ್ಸು ಹತ್ತಿ ಮೆಹಕರ ಮುಟ್ಟಲು ಮೂರು ದಿನ ಬೇಕಾಯಿತು. ಮೆಹಕರ ಕೌಸಲ್ಯಾಬಾಯಿಯ ತವರು. ಅವಳ ತಮ್ಮ ದತ್ತಾತ್ರಿ ಫೋನ್ ಮಾಡಿದ. ಅಕ್ಕನ ಗಂಡನನ್ನು ಆ ಕಡೆ ದಾಜಿ ಎನ್ನುತ್ತಾರೆ.

"ದಾಜಿ, ನಿಮ್ಮ ಮಷೀನ ತಗೊಂಡು ಒಂದಿನ ಊರಿಗೆ ಬರ್ರಿ. ನಾನೇ ಜೀಪ ತರ್ತೇನಿ. ಇಡೀ ಊರು ಕಾಯ್ಲಿಕ್ಕತ್ತದ."

"ಇಡೀ ಊರು?"

"ಹದಿನೈದು ಮನಿ ಮಂದಿ ಪುಣೆಕ್ಕ ದುಡೀಲಿಕ್ಕೆ ಹೋಗಲಿಕ್ಕೆ ಗಂಟು ಕಟ್ಟ್ಯಾರ. ನೀವು ಬಂದು ಹೋಗೋತನಕ ಗಾಡಿ ಹತ್ತೋದಿಲ್ಲ ಅಂತ ಕುಂತಾರ."

ಫೋನಿಟ್ಟ ಪಂಢರಿ ಹೆಂಡತಿಗೆ ಹೇಳಿದ. "ನೋಡು, ನನ್ನ ರೆಕಾರ್ಡ ಕೇಳಬೇಕಂತ ಮಂದಿ ಊರು ಬಿಡೋದೇ ಮುಂದೂಡ್ಯಾರ. ನೀ ಹಂಚು ಅಂತೀದಿ."

ಕೌಸಲ್ಯಾಬಾಯಿ ಗಂಡನ ಮುಖ ನೋಡಿದಳು. ಏನೋ ಹೇಳಬೇಕೆಂದು ಬಾಯಿ ತೆರೆದು, ಸ್ಪೀಕರ್ ಸುತ್ತಲು ಎರಡು ಕೌದಿ ತಂದುಕೊಟ್ಟಳು.

ಮೆಹಕರದಲ್ಲಿ ಮುನ್ನೂರು ಮಂದಿ ಸೇರಿದ್ದರು. ಜೀಪಿಗೆ ಕಾಯಿ ಒಡೆದರು, ಸ್ಪೀಕರಿಗೆ ಕುಂಕುಮ ಹಚ್ಚಿದರು. ಕಾರ್ಯಕ್ರಮ ಶಾಲೆಯ ಕೋಣೆಯಲ್ಲಿ ಇರುತ್ತದೆಂದು ಪಂಢರಿ ತಿಳಿದಿದ್ದ. ದತ್ತಾತ್ರಿ ಅವನನ್ನು ನೇರ ಹೊಲಕ್ಕೆ ಕರೆದೊಯ್ದ. ಮದುವೆ ಮಂಟಪದವನ ಜನರೇಟರ್ ಅಲ್ಲಿ ಧಡಧಡ ಎನ್ನುತ್ತಿತ್ತು. ಹಳ್ಳಿಯ ಮಂದಿ ತೆರೆದ ಬಯಲಲ್ಲಿ ಸಂಗೀತ ಕೇಳಲು ಇಷ್ಟಪಡುವುದು ಸಹಜವೆಂದು ಪಂಢರಿ ಒಪ್ಪಿಕೊಂಡ. ಆದರೆ ಜನರೇಟರಿನ ಹತ್ತಿರ ನೆಲ ಅದುರುತ್ತಿತ್ತು. ಪ್ಲೇಯರಿಗೆ ಅದುರದ ಜಾಗ ಬೇಕು. ಉದ್ದ ವಾಯರ್ ಎಳೆಸಿಕೊಂಡು ಅವನು ಹೊಲದುದ್ದಕ್ಕೂ ನಡೆದ. ಅಲ್ಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಅಂಗೈ ಊರಿದ, ಬಗ್ಗಿ ಕಿವಿ ಹಚ್ಚಿದ. "ಇಲ್ಲಿ ಬ್ಯಾಡ" ಎಂದ. "ಇಲ್ಲೂ ಬ್ಯಾಡ" ಎಂದ. ಮುನ್ನೂರು ಮಂದಿ ಚಪ್ಪಲಿ ಬಿಟ್ಟು ಉಸಿರು ಹಿಡಿದು ಹಿಂದೆ ಬಂದರು. ಒಣಗಿದ ಹಳ್ಳದ ದಂಡೆಯ ಹತ್ತಿರ ಒಂದು ಕಡೆ ನೆಲ ಅಲುಗುತ್ತಿರಲಿಲ್ಲ.

"ಇಲ್ಲಿ" ಎಂದ ಪಂಢರಿ.

"ಇಲ್ಲಿ" ಎಂದು ಮುನ್ನೂರು ಮಂದಿ ಪಿಸುಗುಟ್ಟಿದರು.

ಕಲ್ಲಿಟ್ಟು, ರಸಮಟ್ಟ ನೋಡಿ, ಜಪಾನಿನ ರೆಕಾರ್ಡು ಹಚ್ಚಿದ. ಇಪ್ಪತ್ಮೂರು ನಿಮಿಷ ಒಬ್ಬರೂ ಕೆಮ್ಮಲಿಲ್ಲ. ಆರ್ಗನ್ ಬಾರಿಸುವವನು ಎರಡೂ ಕೈಯಿಂದ ಬಡಿಯುವ ಜಾಗದಲ್ಲಿ ಹೆಂಗಸರು ಕೈ ಮುಗಿದರು. ಪಂಢರಿಯ ಕಣ್ಣು ತುಂಬಿ ಬಂದವು. ಹಾಡು ಮುಗಿದ ಮೇಲೆ ಊರಿನ ಹಿರಿಯ ಹಾವಗೆಪ್ಪ ಮುಂದೆ ಬಂದು ಕೇಳಿದ.

"ಆಳ ಎಷ್ಟು ಅದ ಅಂತೀರಿ?"

"ಆಳಕ್ಕ ಮಿತಿ ಇಲ್ಲ್ರಿ ಯಜಮಾನ್ರ. ಕೇಳಿದಷ್ಟೂ ಕೆಳಗ ಹೋಗ್ತದ."

"ಹಂಗಾದ್ರ ಕೇಸಿಂಗ ಪೈಪು ಜಾಸ್ತಿ ತರಸ್ರಿ" ಎಂದು ಹಾವಗೆಪ್ಪ ದತ್ತಾತ್ರಿಗೆ ಹೇಳಿದ. ಊರಿನಲ್ಲಿ ಬೇರೆ ಏನೋ ಕೆಲಸ ನಡೆದಿದೆಯೆಂದುಕೊಂಡು ಪಂಢರಿ ರೆಕಾರ್ಡನ್ನು ಒಳಚೀಲಕ್ಕೆ ಸೇರಿಸಿದ. ಅವನ ಜೀಪು ಹೊರಟ ಮೇಲೆ ಆ ಜಾಗಕ್ಕೆ ಸುಣ್ಣದಲ್ಲಿ ಗುಂಡು ಗೆರೆ ಹಾಕಿದರು. ಅದು ಅವನಿಗೆ ಕಾಣಲಿಲ್ಲ.

ಮೂರನೆಯ ದಿನ ಕುತುಬೋದ್ದೀನ ಪೇಡೆಯ ಡಬ್ಬಿ ಹಿಡಿದು ಓಡುತ್ತ ಬಂದ.

"ಎರಡೂವರಿ ಇಂಚು, ಪಂಢರಿ ಸಾಬ. ಎರಡೂವರಿ ಇಂಚು ಬಿದ್ದದ."

"ಎರಡೂವರಿ ಇಂಚಿಂದು ಎಲ್ಲೂ ಒತ್ತೋದಿಲ್ಲ ಕುತುಬಭಾಯ್. ಏಳು, ಹತ್ತು, ಹನ್ನೆರಡು, ಮೂರೇ ಸೈಜು."

"ನೀರು, ಸಾಬ. ಮೆಹಕರದಾಗ ನೀವು ತೋರಿಸಿದ ಪಾಯಿಂಟಿಗೆ ನೀರು ಬಿದ್ದದ. ಮುನ್ನೂರಾ ಎಪ್ಪತ್ತು ಫೂಟಿಗೆ. ಪುಣೆಕ್ಕ ಹೋಗೋರು ಗಂಟು ಬಿಚ್ಚ್ಯಾರ."

ಪಂಢರಿಯ ಕೈಯಲ್ಲಿದ್ದ ಪೇಡೆ ಅಲ್ಲೇ ನಿಂತಿತು. ಕುಣಿ, ಶಾಲುಬಾಯಿ, ಹನ್ನೆರಡು ಇಂಚು, ಕಾಯಿ, ಕುಂಕುಮ, ಆಳ, ಒಂದೊಂದಾಗಿ ಅವನ ತಲೆಯಲ್ಲಿ ಸಾಲಾಗಿ ಬಂದು ನಿಂತವು. ಕುತುಬೋದ್ದೀನ ಹೋದ ಮೇಲೆ ಹೆಂಡತಿಯ ಕಡೆ ತಿರುಗಿದ.

"ಅವರು ಹಾಡು ಕೇಳಲಿಕ್ಕೆ ಕರ್ದಿರಲಿಲ್ಲ."

"ನನಗ ಗೊತ್ತಿತ್ತು" ಎಂದಳು ಕೌಸಲ್ಯಾಬಾಯಿ. "ಎರಡು ಕೊಡ ನೀರು ಎಲ್ಲಿಗೆ ಹೋದವು ಅಂಬೋದೂ ಅವತ್ತೇ ಗೊತ್ತಾಗಿತ್ತು."

"ಹೇಳಬೇಕಿಲ್ಲೇನು?"

"ಹನ್ನೆರಡು ವರ್ಷದಾಗ ನಿಮ್ಮ ಮಾರಿ ಮ್ಯಾಲ ಅಷ್ಟು ಕಳಾ ನಾ ನೋಡಿದ್ದಿಲ್ಲ. ಹ್ಯಾಂಗ ಹೇಳ್ಲಿ?"

ಎಲ್ಲರ ಮುಂದೆ ನಿಜ ಹೇಳುವುದೆಂದು ಪಂಢರಿ ನಿಶ್ಚಯಿಸಿದ. ಅದಕ್ಕೆ ತಕ್ಕ ವೇದಿಕೆಯೂ ತಾನಾಗಿ ಒದಗಿತು. ಎರಡು ದಿನದಲ್ಲಿ ಸರ್ಕಾರಿ ಕಾಗದವೊಂದು ಬಂತು. ವಿಷಯ: ಶ್ರವಣ ಪದ್ಧತಿಯಿಂದ ಅಂತರ್ಜಲ ಮೂಲ ಗುರುತಿಸುವ ಬಗ್ಗೆ. ಉಲ್ಲೇಖ: ಮೆಹಕರ ಗ್ರಾಮದ ಯಶಸ್ವಿ ಪ್ರಯೋಗ. ಕೆಳಗೆ ಬರಗಾಲದ ಕೆಲಸಕ್ಕೆ ನೇಮಿಸಿದ್ದ ಅಧಿಕಾರಿ ಶಿವರಾಜಪ್ಪನವರ ಸಹಿ. ಸೋಮವಾರ ಬೆಳಿಗ್ಗೆ ಔರಾದದ ಹೊರಗಿನ ಹೊಸ ಬಡಾವಣೆಗೆ ಉಪಕರಣ ಸಮೇತ ಹಾಜರಾಗಬೇಕೆಂದು ಕೋರಿದ್ದರು.

ಬಡಾವಣೆಯಲ್ಲಿ ಪೆಂಡಾಲ್ ಹಾಕಿದ್ದರು. ಬೋರಿನ ಲಾರಿ ಆಗಲೇ ಬಂದು ನಿಂತಿತ್ತು. ಖಾಲಿ ಕೊಡಗಳು ಪೆಂಡಾಲಿನಿಂದ ರಸ್ತೆಯವರೆಗೆ ಸಾಲಾಗಿದ್ದವು. ಆ ಸಾಲನ್ನು ಒಂದು ಬಿದಿರಿನ ಕೋಲು ಹಿಡಿದ ಹೆಂಗಸು ಕಾಯುತ್ತಿದ್ದಳು. ಹೆಸರು ಜಿಜಾಬಾಯಿ, ವಯಸ್ಸು ಅರವತ್ತರ ಮೇಲೆ. ಬಡಾವಣೆಗೆ ಟ್ಯಾಂಕರ್ ಬಂದಾಗ ಪಾಳಿ ತಪ್ಪಿಸಿದವರ ಕೊಡಕ್ಕೆ ಆ ಕೋಲಿನಿಂದ ಒಂದು ಏಟು ಬೀಳುತ್ತಿತ್ತು, ಶಿವರಾಜಪ್ಪನವರ ಡ್ರೈವರಿನ ಕೊಡಕ್ಕೂ ಒಮ್ಮೆ ಬಿದ್ದಿತ್ತು. ಪಂಢರಿಯನ್ನು ಅವಳು ಮೇಲಿಂದ ಕೆಳಗೆ ನೋಡಿ, "ಮಷೀನ ಚಂದ ಅದ, ಮನಷ್ಯಾ ಹೆಂಗೋ" ಎಂದಳು.

ಪಂಢರಿ ಮೈಕಿನ ಮುಂದೆ ನಿಂತು ಗಂಟಲು ಸರಿ ಮಾಡಿಕೊಂಡ.

"ನಾ ನೀರು ನೋಡೋನಲ್ಲ್ರಿ. ಇದು ಹಾಡು ಕೇಳೋ ಮಷೀನ. ಮೆಹಕರದಾಗ ನೀರು ಬಿದ್ದದ್ದು ತಾನಾಗೇ ಬಿದ್ದದ. ಅದರಾಗ ನಂದೇನೂ ಇಲ್ಲ."

ಜನ ಒಮ್ಮೆಲೇ ಚಪ್ಪಾಳೆ ತಟ್ಟಿದರು. ಶಿವರಾಜಪ್ಪನವರು ಮೈಕು ತೆಗೆದುಕೊಂಡರು.

"ಕೇಳಿದ್ರಲ್ಲ? ಇಲ್ಲೀತನಕ ಬಂದ ಪಾಯಿಂಟಿನವರೆಲ್ಲ ನಾ ತೋರಿಸ್ತೇನಿ, ನಾ ತೋರಿಸ್ತೇನಿ ಅಂತಿದ್ರು. ನಂದೇನೂ ಇಲ್ಲ ಅಂದವರು ಇವರೊಬ್ಬರೇ."

"ಸಾಹೇಬ್ರ, ನನಗ ಖರೇನೇ ಗೊತ್ತಿಲ್ಲ" ಎಂದ ಪಂಢರಿ. ಈ ಸಲದ ಚಪ್ಪಾಳೆ ಮೊದಲಿಗಿಂತ ಜೋರಾಗಿತ್ತು. ಮೂರನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ಕೊರಳಿಗೆ ಶಾಲು ಬಿದ್ದಿತ್ತು.

ಬೆವರು ಒರೆಸಿಕೊಳ್ಳುತ್ತ ಪೆಂಡಾಲಿನ ಹಿಂದೆ ಬಂದಾಗ ಅಲ್ಲಿ ಕುರ್ಚಿಯಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು. ಮಡಿಲಲ್ಲಿ ಬಿಸಿಲಿಗೆ ಬಣ್ಣ ಹೋದ ಒಂದು ಪೆಟ್ಟಿಗೆ, ಮುಳ್ಳಿರುವ ಮೀಟರು, ವಾಯರಿನ ಸುರುಳಿ.

"ನಾ ವಿಮಲಾಬಾಯಿ. ಭೂಮಿಯೊಳಗಿನ ನೀರು ನೋಡೋ ಸರ್ಕಾರಿ ಕೆಲಸ ನಂದು" ಎಂದಳು. "ನೀವು ಹೇಳಿದ್ದು ಖರೇ ಅಂತ ಈ ಪೆಂಡಾಲಿನಾಗ ನಂಬಿದಾಕಿ ನಾ ಒಬ್ಬಾಕೆ."

"ನೀವಾದ್ರೂ ಅವರಿಗೆ ಹೇಳ್ರಿ ಮೇಡಂ."

"ನಾ ಎರಡು ಸಲ ಬಂದು ಗುರುತಿಗೆ ಕಲ್ಲು ನೆಟ್ಟು ಪಾಯಿಂಟ ಹಾಕೇನಿ. ಅಲ್ನೋಡ್ರಿ, ಆ ಕಸದ ತಿಪ್ಪಿ ಮಗ್ಗಲಿಗೆ. ಕಸದ ಬುಡದಾಗ ನೀರು ಎಲ್ಲಿಂದ ಬರ್ತದ ಅಂತ ಎರಡು ಸಲಾನೂ ಕಲ್ಲು ಕಿತ್ತು ಒಗೆದ್ರು." ಅವಳು ಮೀಟರಿನ ಮುಳ್ಳು ತೋರಿಸಿದಳು. "ನಂದೂ ಸೂಜಿ ಮ್ಯಾಲೇ ನಡೀತದ. ನಿಮ್ಮ ಸೂಜಿಗೆ ಶಾಲು ಹಾಕ್ತಾರ. ನಿಮ್ಮ ಪೆಟ್ಟಿಗಿ ಅಲ್ಲಿ ಒಯ್ದು ಇಡ್ರಿ."

ಪಂಢರಿಗೆ ಅವಮಾನವಾದಂತೆಯೂ ಆಯಿತು, ಸಮಾಧಾನವಾದಂತೆಯೂ ಆಯಿತು. ತನ್ನ ಸಂಗೀತವನ್ನು ನೀರಿನ ನೆಪಕ್ಕೆ ಬಳಸುವುದು ಸರಿಯೇ ಎಂದು ಯೋಚಿಸಿದ. ರಸ್ತೆಯವರೆಗಿನ ಕೊಡಗಳನ್ನು ನೋಡಿದ. ಆಮೇಲೆ ಗೋದಾಮಿನಲ್ಲಿ ಮಾಲು ತಪಾಸಣೆಗೆ ನಿಲ್ಲುವ ಗತ್ತಿನಲ್ಲಿ ಕನ್ನಡಕ ಏರಿಸಿಕೊಂಡ.

"ಇಡ್ತೇನಿ. ಆದ್ರ ಎಲ್ಲಾರೂ ಪೂರಾ ಕೇಳಬೇಕು. ನೀವೂ. ನಡುವ ಯಾರೂ ಏಳಬಾರದು."

"ಎಷ್ಟು ಹೊತ್ತು?"

"ಇಪ್ಪತ್ಮೂರು ನಿಮಿಷ."

"ನಾ ಮಾತಾಡಿದ್ರ ಇವರು ಇಪ್ಪತ್ಮೂರು ಸೆಕೆಂಡ ಕೂತಿಲ್ಲ. ನಡೀರಿ" ಎಂದಳು ವಿಮಲಾಬಾಯಿ.

ಪಂಢರಿ ಕಸದ ತಿಪ್ಪೆಯ ಪಕ್ಕ ಹೋಗಿ ನಿಂತು "ಇಲ್ಲಿ" ಎಂದಾಗ ಯಾರೂ ಮೂಗು ಮುಚ್ಚಲಿಲ್ಲ. ಹತ್ತು ನಿಮಿಷದಲ್ಲಿ ತಿಪ್ಪೆಯನ್ನೇ ಸರಿಸಿ, ನೆಲ ಗುಡಿಸಿ, ಅಷ್ಟಗಲ ಜಮಖಾನೆ ಹಾಸಿದರು. ಶಿವರಾಜಪ್ಪನವರ ಕುರ್ಚಿ ಪಂಢರಿಯ ಕುರ್ಚಿಗೆ ಮುಟ್ಟಿಕೊಂಡೇ ಬಂತು. ಹಾಡು ನಡೆಯಿತು. ಶಿವರಾಜಪ್ಪನವರು ಏಳನೆಯ ನಿಮಿಷಕ್ಕೆ ನಿದ್ದೆ ಹೋದರು, ಉಳಿದವರು ಕೂತಲ್ಲೇ ಕೂತರು. ಮುಗಿದ ಕೂಡಲೆ ಪ್ಲೇಯರನ್ನು ಪಕ್ಕಕ್ಕೆ ಸರಿಸಿ ಲಾರಿಯನ್ನು ತಂದು ನಿಲ್ಲಿಸಿದರು.

ಕೊರೆಯುವ ಸದ್ದಿಗೆ ಔರಾದದ ನಾಯಿಗಳೆಲ್ಲ ಬೊಗಳಿದವು. ನೂರು ಅಡಿಗೆ ಕೆಂಪು ಧೂಳು. ಇನ್ನೂರಕ್ಕೆ ಬೂದಿಯಂಥ ಧೂಳು. ಶಿವರಾಜಪ್ಪನವರು ಕುರ್ಚಿಯನ್ನು ಅರ್ಧ ಅಡಿ ಸರಿಸಿಕೊಂಡರು. ಮುನ್ನೂರಕ್ಕೂ ಧೂಳು. ಕುರ್ಚಿ ಮತ್ತೆ ಎರಡು ಅಡಿ ಸರಿಯಿತು. ಜನ ಪಂಢರಿಯನ್ನು ನೋಡಿದರು, ಪಂಢರಿ ವಿಮಲಾಬಾಯಿಯನ್ನು ನೋಡಿದ, ವಿಮಲಾಬಾಯಿ ತನ್ನ ಕಾಗದವನ್ನು ನೋಡಿದಳು. ಯಾರೋ ಹಿಂದಿನಿಂದ, "ಶಾಲು ವಾಪಸ್ ಇಸ್ಕೋಬೇಕು" ಎಂದರು. ಮುನ್ನೂರೈವತ್ತಕ್ಕೆ ಶಿವರಾಜಪ್ಪನವರ ಕುರ್ಚಿ ಜೀಪಿನ ಪಕ್ಕದಲ್ಲಿತ್ತು.

"ನಿಲ್ಲಿಸೋಣೇನ್ರಿ?" ಎಂದು ಲಾರಿಯವನು ಕೇಳಿದ.

ವಿಮಲಾಬಾಯಿ ಪಂಢರಿಯ ಕಿವಿಯಲ್ಲಿ, "ನಾನೂರರ ಮ್ಯಾಲ ಅದ, ನಾನೂರಾ ಹದಿನೈದರೊಳಗ" ಎಂದಳು. ಪಂಢರಿ ಎದ್ದು ನಿಂತ. ಅವನಿಗೆ ಕಲ್ಲಿನ ಬಗ್ಗೆ, ಪದರದ ಬಗ್ಗೆ ಏನೂ ತಿಳಿಯದು. ಆದರೆ ತನ್ನ ಪಕ್ಕದಲ್ಲಿ ನಿಂತವಳು ಸೂಜಿಯ ವಿಷಯದಲ್ಲಿ ಸುಳ್ಳು ಹೇಳುವವಳಲ್ಲ ಎಂಬುದು ತಿಳಿದಿತ್ತು.

"ನಡುವ ಏಳಬಾರದು ಅಂತ ಹೇಳೇನಿ" ಎಂದು ಗಟ್ಟಿಯಾಗಿ ಹೇಳಿದ. "ಪೂರಾ ಆಗ್ಲಿ. ನಾನೂರಾ ಹದಿನೈದರ ತನಕ ಹೊಡೀರಿ."

ನಾನೂರಾ ಎಂಟಕ್ಕೆ ಧೂಳಿನ ಬಣ್ಣ ತಿರುಗಿತು. ಆಮೇಲೆ ಗರಗರ ಎಂದು ಕೆಸರು ಬಂತು, ಅದರ ಹಿಂದೆ ನೀರು ಲಾರಿಗಿಂತ ಮೇಲಕ್ಕೆ ಹಾರಿತು. ಸಾಲು, ಪಾಳಿ ಎಲ್ಲ ಮರೆತು ಜನ ಕೊಡ ಹಿಡಿದು ಓಡಿದರು. ಶಿವರಾಜಪ್ಪನವರು ಜೀಪಿನ ಪಕ್ಕದಿಂದ ಓಡಿ ಬಂದು ಫೋಟೋದವನ ಮುಂದೆ ನಿಂತರು. ಅವರ ಭಾಷಣದಲ್ಲಿ ಪಂಢರಿಯ ಹೆಸರು ಬಂತು. ಪಂಢರಿ ಓಡಿಹೋಗಿ ಮೈಕು ಕಿತ್ತುಕೊಂಡ.

"ಪಾಯಿಂಟ ನಂದಲ್ಲ. ಈ ಮೇಡಮ್ಮಂದು. ನೀವು ಎರಡು ಸಲ ಕಿತ್ತು ಒಗೆದ ಕಲ್ಲಿನ ಜಾಗಾನೇ ಇದು."

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರ ಕೈಯಲ್ಲೂ ಕೊಡ ಇತ್ತು. ಆದರೆ ಕಲ್ಲು ಕಿತ್ತವನು ಯಾವನೋ, ತುಂಬಿದ ಮೊದಲ ತಂಬಿಗೆ ತಂದು ವಿಮಲಾಬಾಯಿಗೆ ಕೊಟ್ಟು ತಲೆ ತಗ್ಗಿಸಿ ನಿಂತ. ಅವಳು ಗಟಗಟ ಕುಡಿದು, ಉಪ್ಪಿಲ್ಲ ಎಂದು ಕಾಗದದಲ್ಲಿ ಬರೆದುಕೊಂಡಳು.

ಪಂಢರಿಗೆ ಆಗ ಪ್ಲೇಯರಿನ ನೆನಪಾಯಿತು. ಹೋಗಿ ನೋಡಿದರೆ ಜಪಾನಿನ ರೆಕಾರ್ಡಿನ ಮೇಲೆ ಕೆಸರಿನ ಹನಿಗಳು ಸಾಸಿವೆ ಸಿಡಿದಂತೆ ಬಿದ್ದಿದ್ದವು. ಅಂಗಿಯ ಚುಂಗಿನಿಂದ ಒರೆಸುತ್ತಿದ್ದಾಗ, ಖಾಲಿ ಜಮಖಾನೆಯ ನಡುವೆ ಒಬ್ಬಳು ಇನ್ನೂ ಕೂತಿರುವುದು ಕಂಡಿತು. ಜಿಜಾಬಾಯಿ. ಕೋಲು ಮಡಿಲಲ್ಲಿತ್ತು.

"ಆಯೀ, ಏಳಲಿಕ್ಕೆ ಆಗವಲ್ದೇನ್ರಿ? ನಿಮ್ಮ ಕೊಡ ಕೊಡ್ರಿ, ತುಂಬಿ ತರ್ತೇನಿ."

"ನೀರು ಎಲ್ಲಿಗೆ ಹೋಗ್ತದ, ಹರೀಲಿ" ಎಂದಳು ಜಿಜಾಬಾಯಿ. "ನನಗೊಂದು ಹೇಳು. ಆ ಹಾಡಿನ ನಡುವ ಎಲ್ಲಾರೂ ಬಿಟ್ಟು ಹೋಗಿ, ಒಬ್ಬವ ಇಷ್ಟೇ ಇಷ್ಟು ಬಾರಿಸ್ಕೋತ ಕೂಡ್ತಾನಲ್ಲ?"

ಪಂಢರಿಯ ಕೈ ನಿಂತಿತು. "ಕೂಡ್ತಾನ. ಗಿಟಾರ ಬಾರಿಸೋನು. ಹದಿನಾಲ್ಕನೇ ನಿಮಿಷದಾಗ."

"ಆಮ್ಯಾಲ ಒಬ್ಬೊಬ್ಬರೇ ತಿರುಗಿ ಬರ್ತಾರ. ಮೊದಲು ಕೊಳಲಿನವ, ಆಮ್ಯಾಲ ಡೋಲಿನವ. ಅವರು ಬರೋದಷ್ಟು ಇನ್ನೊಮ್ಮೆ ಹಚ್ಚು."

ಹನ್ನೆರಡು ವರ್ಷದಲ್ಲಿ ಪಂಢರಿ ಹಾಡಿನ ನಡುವೆ ಸೂಜಿ ಇಟ್ಟವನಲ್ಲ. ಗೀರು ಬೀಳುತ್ತದೆ, ಮಾಡಬಾರದು ಎಂದು ಎಲ್ಲ ಕಡೆ ಬರೆದಿರುತ್ತದೆ. ಅವನು ಉಸಿರು ಬಿಗಿಹಿಡಿದು, ಅಂದಾಜಿನ ಮೇಲೆ, ಕೆಸರಿನ ರೆಕಾರ್ಡಿನ ನಟ್ಟನಡುವೆ ಸೂಜಿ ಇಳಿಸಿದ. ಚಟಪಟ ಎಂದಿತು. ಆ ಚಟಪಟದ ಒಳಗಿಂದ ಗಿಟಾರಿನವನು ಒಬ್ಬನೇ ಬಾರಿಸುವುದು ಕೇಳಿತು. ಕೊಳಲು ಬಂತು. ಡೋಲು ಬಂತು. ಪಂಢರಿ ಕಣ್ಣು ಮುಚ್ಚಿ ತಲೆ ಆಡಿಸತೊಡಗಿದ. ಜಿಜಾಬಾಯಿ ಬಿದಿರಿನ ಕೋಲಿನಿಂದ ನೆಲಕ್ಕೆ ಮೆಲ್ಲಗೆ ಬಡಿಯತೊಡಗಿದಳು.

ಸ್ವಲ್ಪ ಹೊತ್ತಿಗೆ ಕೋಲಿನ ತುದಿ ಪಂಢರಿಯ ಮೊಣಕಾಲಿಗೆ ತಾಗಿತು.

"ತಮ್ಮಾ, ಇದು ಏಳು ಹೊಡ್ತದ್ದು. ನೀ ಎಂಟಕ್ಕ ತಲಿ ಹಾಕ್ಲಿಕ್ಕತ್ತೀದಿ."

ಪಂಢರಿ ಕಣ್ಣು ತೆರೆದು ಬೆರಳಿನಲ್ಲಿ ಎಣಿಸಿದ. ಮತ್ತೊಮ್ಮೆ ಎಣಿಸಿದ. ಏಳೇ ಇತ್ತು. ಅವನು ಮುಂದೆ ಸರಿದು, ಕೋಲಿಗೆ ಎದುರಾಗಿ, ಜಮಖಾನೆಯ ಮೇಲೆ ಕಾಲು ಮಡಚಿ ಕೂತ.

"ಇನ್ನೊಮ್ಮೆ ಬಡೀರಿ ಆಯೀ" ಎಂದ. "ಜರಾ ಸಾವಕಾಶ."